ಮೊಂಡು ಡಬ್ಬಿ

ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಹಸ, ಬೆಟ್ಟೆ, ಗೊರಬಲು ಅಂತ ಆರಿಸಿ ಚೀಲ ತುಂಬಿದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಅಂಗಳಗಳಿಗೆ ಸ್ವಲ್ಪ ಬಿಡುವು. ಯುಗಾದಿಯಿಂದ ಹಿಡಿದು ಮುಂಗಾರು ಕಚ್ಚಿಕೊಳ್ಳುವ ತನಕ. ಆ ಬಿಡುವಿನಲ್ಲಿ ಒಂದು ಕಾಲಕ್ಕೆ ಚಿನ್ನಿದಾಂಡು, ಆಮೇಲೆ ಕ್ರಿಕೆಟ್ಟು, ಈಗ ಕೆಲವು ಮನೆಗಳಲ್ಲಿ ರಿಮೋಟ್ ಕಾರು. ಜಾತ್ರೆಯಲ್ಲಿ ಸಿಗುವ, ಎರಡನೇ ದಿನಕ್ಕೆ ಒಂದೇ ಪಕ್ಕಕ್ಕೆ ತಿರುಗುವ ಆಟಿಕೆಯ ಮಾತಲ್ಲ. ನಿಜದ ಕಾರಿನ ಹತ್ತರಲ್ಲೊಂದು ಅಳತೆಯ, ಬಿಚ್ಚಿ ಕಟ್ಟಬಹುದಾದ, ಒಂದೊಂದು ಭಾಗವನ್ನೂ ಬೇರೆಯಾಗಿ ಕೊಳ್ಳಬಹುದಾದ ಹಾಬಿ ಕಾರು. ಸಾಮಾನು ಕೊರಿಯರ್‌ನಲ್ಲಿ ಬರುತ್ತದೆ. ಬೆಂಗಳೂರಿಗೆ ಹೋದವರು ಎಸ್‌ಪಿ ರಸ್ತೆ ಸುತ್ತಿ ತರುವುದೂ ಉಂಟು.

ನೋಡಲು ಬಂದವರು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಸ್ಪೀಡ್ ಹೋಗ್ತದೆ ಮಾರಾಯ?" ಉತ್ತರವನ್ನು ಎಲ್ಲರೂ ಮೋಟರಿನಲ್ಲಿ ಹುಡುಕುತ್ತಾರೆ. ನನ್ನ ಕಣ್ಣು ಮಾತ್ರ ಬ್ಯಾಟರಿಗೂ ಮೋಟರಿಗೂ ನಡುವೆ ಕೂತ, ಬೆಂಕಿಪೊಟ್ಟಣಕ್ಕಿಂತ ಅಷ್ಟೇನೂ ದೊಡ್ಡದಲ್ಲದ ಕಪ್ಪು ಡಬ್ಬಿಯ ಮೇಲೆ. ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲ್, ಆಡುವವರ ಬಾಯಲ್ಲಿ ಇಎಸ್‌ಸಿ.

ಅದರ ಕೆಲಸ ಹೀಗೆ. ಕೈಯಲ್ಲಿರುವ ರಿಮೋಟಿನ ಮಾತನ್ನು ಕಾರಿನ ರಿಸೀವರ್ ಹಿಡಿದು, ಸೆಕೆಂಡಿಗೆ ಸುಮಾರು 50 ಸಲ ಒಂದೊಂದು ಚಿಕ್ಕ ವಿದ್ಯುತ್ ಮಿಡಿತವಾಗಿ ಇಎಸ್‌ಸಿಗೆ ದಾಟಿಸುತ್ತದೆ. ಮಿಡಿತದ ಉದ್ದ 1.5 ಮಿಲಿಸೆಕೆಂಡ್ ಇದ್ದರೆ ಸುಮ್ಮನಿರು; 2ರ ಕಡೆ ಹೋದರೆ ಮುಂದಕ್ಕೆ; 1ರ ಕಡೆ ಇಳಿದರೆ ಬ್ರೇಕು ಇಲ್ಲವೇ ಹಿಂದಕ್ಕೆ. ಅದನ್ನು ಓದಿಕೊಂಡು ಇಎಸ್‌ಸಿ ಬ್ಯಾಟರಿಯ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಬಿಟ್ಟು ಹಿಡಿದು ಮಾಡುತ್ತದೆ. ರಿಮೋಟಿನ ಟ್ರಿಗರ್ ಅರ್ಧ ಎಳೆದರೆ ಅರ್ಧ ಹೊತ್ತು ಬಿಡುವುದು, ಅರ್ಧ ಹೊತ್ತು ಹಿಡಿಯುವುದು. ಅಷ್ಟು ಬೇಗ ನಡೆಯುವುದರಿಂದ ಮೋಟರು ತಡವರಿಸುವುದಿಲ್ಲ, ಬರೀ ನಿಧಾನವಾಗಿ ತಿರುಗುತ್ತದೆ.

ಮೊದಲು ಹೀಗಿರಲಿಲ್ಲ. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಷೆ 934ರ ರಿಮೋಟ್ ಮಾದರಿ ತಂದು ಈ ಹವ್ಯಾಸವನ್ನು ಸಾಮಾನ್ಯರ ಮನೆಗೆ ಇಳಿಸಿದ ಕಾಲದಲ್ಲಿ, ವೇಗ ಕಡಿಮೆ ಮಾಡಲು ಸರ್ವೋ ಎಂಬ ಒಂದು ಪುಟ್ಟ ಮೋಟರು ಲೋಹದ ಕೈಯನ್ನು ಸರಿಸಿ ಕರೆಂಟಿನ ದಾರಿಗೆ ರೆಸಿಸ್ಟರ್ ಸೇರಿಸುತ್ತಿತ್ತು. ಮೋಟರಿಗೆ ಬೇಡವಾದ ಶಕ್ತಿ ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ತುಳಿದು ಬ್ರೇಕಿನಲ್ಲಿ ವೇಗ ಹೊಂದಿಸಿಕೊಂಡ ಹಾಗೆ. ರೆಸಿಸ್ಟರ್ ಮುಟ್ಟಿದರೆ ಬೆರಳು ಸುಡುತ್ತಿತ್ತು. ಮಾಸ್‌ಫೆಟ್ ಎಂಬ ಸ್ವಿಚ್ಚು ಅಗ್ಗವಾದ ಮೇಲೆ ಆ ಕೈ, ಆ ರೆಸಿಸ್ಟರು ಎರಡೂ ಹೋದವು. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಕಾರಿನಲ್ಲಾಗಲಿ, ಇವತ್ತು ಕೊಪ್ಪದ ಪೇಟೆಯಲ್ಲಿ ಸದ್ದಿಲ್ಲದೆ ಪಕ್ಕದಲ್ಲಿ ಹಾದುಹೋಗುವ ಬ್ಯಾಟರಿ ಸ್ಕೂಟರಿನಲ್ಲಾಗಲಿ ವೇಗ ಹಿಡಿದಿಡುವುದು ಇದೇ ಬಿಟ್ಟು ಹಿಡಿಯುವ ಉಪಾಯ. ಗಾತ್ರ ಬೇರೆ, ಅಷ್ಟೆ.

ನನಗೆ ಈ ಡಬ್ಬಿಯಲ್ಲಿ ಇಷ್ಟವಾದದ್ದು ಅದರ ಮೊಂಡುತನ. ಟ್ರಿಗರ್ ಒತ್ತಿ ಹಿಡಿದುಕೊಂಡು ಸ್ವಿಚ್ ಹಾಕಿದರೆ ಕೂಗಿಕೊಳ್ಳುತ್ತದೆ, ಚಕ್ರ ತಿರುಗಿಸುವುದಿಲ್ಲ. ಬ್ಯಾಟರಿ ಒಂದು ಮಟ್ಟಕ್ಕಿಂತ ಇಳಿದರೆ ವೇಗ ತಗ್ಗಿಸುತ್ತದೆ, ಆಮೇಲೆ ನಿಲ್ಲಿಸಿಯೇ ಬಿಡುತ್ತದೆ. ತನ್ನ ಮೈ 100 ಡಿಗ್ರಿ ಆಸುಪಾಸಿಗೆ ಬಂದರೆ ಯಾರು ಎಷ್ಟು ಒತ್ತಿದರೂ ಕೇಳುವುದಿಲ್ಲ. ರಿಮೋಟಿನ ಮಾತು ಬರುವುದು ನಿಂತರೆ ತಾನೂ ನಿಲ್ಲುತ್ತದೆ. ಮಕ್ಕಳು ಆಗ "ಅಪ್ಪಯ್ಯ, ಇದು ಹಾಳಾಯ್ತು" ಅನ್ನುತ್ತಾರೆ. ಹಾಳಾಗಿರುವುದಿಲ್ಲ. ಹಾಳಾಗದಂತೆ ಕೂತಿರುತ್ತದೆ.

ಇಂಥದ್ದನ್ನು ನಾವು ಸಹಿಸುವುದು ಕಡಿಮೆ. ಮಲೆನಾಡಿನ ಹಳೆಯ ಮನೆಗಳ ಮೀಟರ್ ಬೋರ್ಡ್ ತೆರೆದು ನೋಡಿ. ಪಿಂಗಾಣಿಯ ಫ್ಯೂಸಿನಲ್ಲಿ ಕೂದಲೆಳೆಯ ತಂತಿ ಇರಬೇಕಾದ ಕಡೆ ಎಷ್ಟು ಮನೆಗಳಲ್ಲಿ ಬೇಲಿಗೆ ಕಟ್ಟುವಂಥ ತಂತಿ ಇದೆ! ಮಳೆಗಾಲದಲ್ಲಿ ಪದೇ ಪದೇ ಫ್ಯೂಸು ಹೋಗುತ್ತದೆಂದು ಯಾವಾಗಲೋ ಯಾರೋ ದಪ್ಪ ತಂತಿ ಸುತ್ತಿದ್ದು. ಅಲ್ಲಿಂದ ಫ್ಯೂಸು ಹೋಗಿಲ್ಲ, ಪಂಪು ಹೋಗಿದೆ. ಆಟದ ಕಾರಿನಲ್ಲೂ ಇದೇ ಕೈಚಳಕ ನಡೆಯುತ್ತದೆ. ಬೇಗ ನಿಲ್ಲುತ್ತದೆ ಎಂದು ಬ್ಯಾಟರಿ ಕಾಯುವ ಸೆಟ್ಟಿಂಗನ್ನೇ ತೆಗೆದುಹಾಕುವುದು.

ಬ್ಯಾಟರಿಯ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಪಾಯ ಇರುವುದು ಅಲ್ಲೇ. ಈ ಕಾರುಗಳಲ್ಲಿ ಎರಡು ಜಾತಿಯ ಬ್ಯಾಟರಿ. ಹಳೆಯದು ನಿಕಲ್ ಮೆಟಲ್ ಹೈಡ್ರೈಡ್, ಸೆಲ್ಲಿಗೆ 1.2 ವೋಲ್ಟ್, ಆರು ಸೆಲ್ ಸೇರಿ 7.2. ತಾಳ್ಮೆಯ ಸ್ವಭಾವ. ಹೊಸದು ಲಿಪೋ, ಅಂದರೆ ಲಿಥಿಯಂ ಪಾಲಿಮರ್, ಸೆಲ್ಲಿಗೆ 3.7, ತುಂಬಿದಾಗ 4.2. ಹಗುರ, ಜೋರು, ಸಿಟ್ಟಿನ ಸ್ವಭಾವ. ಸೆಲ್ಲಿಗೆ 3 ವೋಲ್ಟಿಗಿಂತ ಕೆಳಗಿಳಿಸಿದರೆ ಒಳಗೆ ಕೆಡುತ್ತದೆ, ಉಬ್ಬುತ್ತದೆ. ಕೆಟ್ಟದ್ದನ್ನು ಮತ್ತೆ ಚಾರ್ಜಿಗೆ ಹಾಕಿದರೆ ಬೆಂಕಿ ಹತ್ತಬಹುದು. ಇದನ್ನು ಕಾಯುವುದೇ ಇಎಸ್‌ಸಿಯ ದೊಡ್ಡ ಕೆಲಸ. ಆದರೆ ಅದಕ್ಕೆ ಯಾವ ಬ್ಯಾಟರಿ ಎಂದು ನಾವು ಹೇಳಬೇಕು. ಹಾಬಿವಿಂಗ್ ಕಂಪನಿಯ 1060 ಎಂಬ, ಹೊಸಬರು ಹೆಚ್ಚಾಗಿ ಹಾಕುವ ಇಎಸ್‌ಸಿಯಲ್ಲಿ ಇದಕ್ಕೊಂದು ಪುಟ್ಟ ಜಂಪರ್ ಇದೆ. ಉಗುರಿನಲ್ಲಿ ಕಿತ್ತು ಬೇರೆ ಪಿನ್ನಿಗೆ ಸಿಕ್ಕಿಸುವಂಥದ್ದು. ಲಿಪೋ ಹಾಕಿ ಜಂಪರನ್ನು ನಿಕಲ್ ಬ್ಯಾಟರಿಯ ಕಡೆ ಬಿಟ್ಟರೆ ಡಬ್ಬಿ ನಮ್ಮ ಮಾತು ನಂಬಿ ಬ್ಯಾಟರಿಯನ್ನು ತೀರಾ ಕೆಳಗಿನವರೆಗೆ ಹೀರಲು ಬಿಡುತ್ತದೆ. ಕಾರು ಹೆಚ್ಚು ಹೊತ್ತು ಓಡಿತೆಂದು ಹುಡುಗರಿಗೆ ಖುಷಿ, ಸಂಜೆ ನೋಡಿದರೆ ಬ್ಯಾಟರಿ ಗರ್ಭಿಣಿ. ಇನ್ನೊಂದು ಸೂಕ್ಷ್ಮ: ಸೆಲ್ ಎಷ್ಟೆಂದು ತಾನೇ ಎಣಿಸಿಕೊಳ್ಳುವ ಇಎಸ್‌ಸಿಗಳು ಅದನ್ನು ಒಟ್ಟು ವೋಲ್ಟೇಜಿನಿಂದ ಊಹಿಸುತ್ತವೆ. 9 ವೋಲ್ಟಿಗಿಂತ ಕೆಳಗಿಳಿದ ಮೂರು ಸೆಲ್ಲಿನ ಪ್ಯಾಕನ್ನು ಎರಡು ಸೆಲ್ಲಿನದೆಂದು ತಿಳಿದು ಇನ್ನೂ ಹೀರಲು ಬಿಡುವಂಥವು ಇವೆ. ಪೂರ್ತಿ ಚಾರ್ಜ್ ಮಾಡಿದ್ದನ್ನೇ ಹಾಕಬೇಕೆನ್ನುವುದು ಅದಕ್ಕೆ.

ಜೋಡಿಸುವ ಕೆಲಸ ಕಷ್ಟದ್ದಲ್ಲ. ಎಲ್ಲಿ ಎಚ್ಚರ ಬೇಕು, ಎಲ್ಲಿ ಬೇಡ ಎಂದು ತಿಳಿದಿದ್ದರೆ ಸಾಕು. ಮೂರು ತಂತಿಯ, ಸೆನ್ಸರಿಲ್ಲದ ಬ್ರಷ್‌ಲೆಸ್ ಮೋಟರ್ ಉಲ್ಟಾ ತಿರುಗಿದರೆ ಯಾವುದಾದರೂ ಎರಡು ತಂತಿ ಅದಲು ಬದಲು ಮಾಡಿದರೆ ಆಯಿತು, ಏನೂ ಹೋಗುವುದಿಲ್ಲ. ಸೆನ್ಸರ್ ಕೇಬಲ್ ಇರುವ ಮೋಟರಿನಲ್ಲಿ ಹಾಗೆ ಮಾಡುವಂತಿಲ್ಲ, ಎ, ಬಿ, ಸಿ ಗುರುತಿನ ಪ್ರಕಾರವೇ ಕೂರಬೇಕು. ಬ್ಯಾಟರಿಯ ಕಡೆ ಮಾತ್ರ ಕೆಂಪು ಕಪ್ಪು ತಪ್ಪಿದರೆ ಎರಡನೇ ಅವಕಾಶ ಇಲ್ಲ. ಒಂದು ಚಿಟಿಕೆ ಹೊಗೆ, ಡಬ್ಬಿ ಹೋಯಿತು, ವಾರಂಟಿಯೂ ಹೋಯಿತು. ಕನೆಕ್ಟರ್ ಬೆಸುಗೆ ಹಾಕುವಾಗ ಬ್ಯಾಟರಿಯ ಎರಡು ತಂತಿಯನ್ನು ಒಟ್ಟಿಗೆ ಬರಿದಾಗಿಸಬಾರದು. ಒಂದನ್ನು ಹಾಕಿ, ಹೀಟ್ ಶ್ರಿಂಕ್ ಕೊಳವೆ ಎಳೆದು ಮುಚ್ಚಿ, ಆಮೇಲೆ ಇನ್ನೊಂದು. ರೇಡಿಯೊ ಬೆಸೆಯುತ್ತಿದ್ದ ಕಾಲದ ಸಣ್ಣ ಬೆಸುಗೆ ಕಡ್ಡಿಯಲ್ಲಿ ಈ ದಪ್ಪ ತಂತಿ ಬಿಸಿಯೇ ಆಗುವುದಿಲ್ಲ. ಅರ್ಧ ಹಿಡಿದ ಬೆಸುಗೆ ಕಾರು ಓಡುವಾಗ ಬಿಸಿಯಾಗಿ ಬಿಟ್ಟುಕೊಳ್ಳುತ್ತದೆ. ಬ್ಯಾಟರಿಯಿಂದ ಇಎಸ್‌ಸಿಗೆ ಬರುವ ತಂತಿಯನ್ನು ಉದ್ದ ಮಾಡಬೇಡಿ ಎಂದು ತಯಾರಕರು ಹೇಳುವುದಕ್ಕೂ ಕಾರಣವಿದೆ. ಕರೆಂಟು ಸಾವಿರ ಸಲ ನಿಂತು ಹೊರಡುವಾಗ ಉದ್ದ ತಂತಿಯಲ್ಲಿ ವೋಲ್ಟೇಜು ಜಿಗಿಯುತ್ತದೆ, ಅದನ್ನು ನುಂಗಲೆಂದು ಇಟ್ಟ ಕೆಪಾಸಿಟರ್ ದಣಿಯುತ್ತದೆ.

ರಿಸೀವರಿಗೂ ಸ್ಟಿಯರಿಂಗ್ ಸರ್ವೋಗೂ ಬೇಕಾದ 5-6 ವೋಲ್ಟನ್ನು ಇಎಸ್‌ಸಿಯೊಳಗಿನ ಬಿಇಸಿ ಎಂಬ ಭಾಗ ಕೊಡುತ್ತದೆ. ಇದರ ಜೊತೆಗೆ ಮತ್ತೊಂದು ಬ್ಯಾಟರಿ ಅಥವಾ ಹೊರಗಿನ ಬಿಇಸಿ ಹಾಕಿದವರು ಇಎಸ್‌ಸಿಯ ಸಿಗ್ನಲ್ ಪ್ಲಗ್ಗಿನ ಕೆಂಪು ತಂತಿ ಕಳಚಿಡಬೇಕು. ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಎದುರು ತಳ್ಳುತ್ತವೆ.

ಆಮೇಲೆ ಚಕ್ರ ನೆಲ ಮುಟ್ಟದಂತೆ ಕಾರನ್ನು ಒಂದು ಮರದ ತುಂಡಿನ ಮೇಲೆ ಕೂರಿಸಬೇಕು. ಮೊದಲು ರಿಮೋಟ್ ಆನ್, ಆಮೇಲೆ ಕಾರು. ಸುಮ್ಮನಿರುವ ಜಾಗ, ಪೂರ್ತಿ ಮುಂದೆ, ಪೂರ್ತಿ ಹಿಂದೆ ಮೂರನ್ನೂ ಡಬ್ಬಿಗೆ ಕಲಿಸಬೇಕು, ತಯಾರಕರ ಚೀಟಿಯಲ್ಲಿ ಬೀಪ್ ಲೆಕ್ಕ ಇರುತ್ತದೆ. ಕಲಿಸಿಯಾದ ಮೇಲೆ ಚಕ್ರ ತಿರುಗುತ್ತಿರುವಾಗಲೇ ರಿಮೋಟನ್ನು ಆರಿಸಿ ನೋಡಬೇಕು. ಚಕ್ರ ನಿಂತರೆ ಸರಿ. ನಿಲ್ಲದಿದ್ದರೆ ರಿಮೋಟಿನ ಮಾತು ನಿಂತಾಗ ರಿಸೀವರ್ ಏನು ಮಾಡಬೇಕೆಂಬ ಫೇಲ್‌ಸೇಫ್ ಹೊಂದಿಸದೆ ಅಂಗಳಕ್ಕೆ ಇಳಿಸಬಾರದು, ಅಲ್ಲಿ ಮಗು ಇರುತ್ತದೆ, ನಾಯಿ ಇರುತ್ತದೆ, ಅಂಗಳದಾಚೆ ತೋಟಕ್ಕೆ ಇಳಿಜಾರು ಇರುತ್ತದೆ. ಮುಗಿಸುವಾಗ ಕ್ರಮ ತಿರುಗುಮುರುಗು: ಮೊದಲು ಕಾರು ಆಫ್, ಕೊನೆಗೆ ರಿಮೋಟ್. ಸ್ವಿಚ್ ಆರಿಸಿದ್ದೇನೆ ಎಂದು ಬ್ಯಾಟರಿಯನ್ನು ಸಿಕ್ಕಿಸಿಯೇ ಬಿಡಬಾರದು. ಹಲವು ಇಎಸ್‌ಸಿಗಳು ಆಫ್ ಆದಾಗಲೂ ಹನಿಹನಿಯಾಗಿ ಕುಡಿಯುತ್ತಿರುತ್ತವೆ.

ಅಗ್ಗಕ್ಕೆ ಸಿಕ್ಕಿತೆಂದು ಡ್ರೋನಿನ ಇಎಸ್‌ಸಿ ತಂದು ಕಾರಿಗೆ ಹಾಕುವವರಿದ್ದಾರೆ. ಹಾಕಬಾರದು, ಅದರ ಕಾರಣ ನನಗೆ ಬಹಳ ಸ್ವಾರಸ್ಯದ್ದೆನಿಸುತ್ತದೆ. ಅಡಿಕೆ ಮರಕ್ಕೆ ಡ್ರೋನಿನಲ್ಲಿ ಔಷಧಿ ಹೊಡೆಯುವ ಪ್ರಯತ್ನಗಳು ನಡೆದಿವೆ, ಕೊಳೆರೋಗಕ್ಕೂ ಎಲೆಚುಕ್ಕೆಗೂ ಮರ ಹತ್ತುವ ಕೊನೆಗೌಡರು ಸಿಗದ ಈ ದಿನಗಳಲ್ಲಿ ಅದರ ಮೇಲೆ ಎಲ್ಲರಿಗೂ ಒಂದು ಕಣ್ಣು. ಆ ಡ್ರೋನಿನ ಒಂದೊಂದು ಮೋಟರಿಗೂ ಒಂದೊಂದು ಇಎಸ್‌ಸಿ. ಆದರೆ ಬ್ಯಾಟರಿ ಇಳಿಯಿತೆಂದು ತೋಟದ ತಲೆಯ ಮೇಲೆ ಅದು ಮೊಂಡು ಹಿಡಿದು ನಿಂತರೆ ಡ್ರೋನು ಕಲ್ಲಿನ ಹಾಗೆ ಬೀಳುತ್ತದೆ. ಹಾಗಾಗಿ ಡ್ರೋನಿನ ಇಎಸ್‌ಸಿಯಲ್ಲಿ ಬ್ಯಾಟರಿ ಕಾಯುವ ಕಟ್ಟುಪಾಡು ಸಾಮಾನ್ಯವಾಗಿ ಇರುವುದಿಲ್ಲ. ಎಚ್ಚರಿಸಿ ಇಳಿಸುವ ಹೊಣೆ ಬೇರೆ ಸರ್ಕ್ಯೂಟಿನದು. ಬ್ರೇಕು, ರಿವರ್ಸು ಕೂಡ ಕಾರಿಗೆ ಬೇಕಾದ ಹಾಗೆ ಇರುವುದಿಲ್ಲ. ನೆಲದ ಮೇಲಿನ ಗಾಡಿಗೆ ನಿಲ್ಲುವುದು ಕ್ಷೇಮ, ಗಾಳಿಯಲ್ಲಿರುವುದಕ್ಕೆ ನಿಲ್ಲದಿರುವುದು ಕ್ಷೇಮ.

ಬಿಸಿಯ ವಿಷಯ ಚಿಕ್ಕದು. ಸ್ಪೀಡ್ ಬೇಕೆಂದು ಮೋಟರಿನ ತುದಿಯ ಪಿನಿಯನ್ ಗಿಯರ್ ದೊಡ್ಡದು ಹಾಕಿದರೆ, ಅಥವಾ ಒಳಗೆ ತಂತಿಯ ಸುತ್ತು ಕಡಿಮೆ ಇರುವ ಮೋಟರ್ ಹಾಕಿದರೆ ಕರೆಂಟು ಹೆಚ್ಚು ಹೋಗುತ್ತದೆ. ಎತ್ತರದ ಹುಲ್ಲಿನಲ್ಲಿ, ಜಂಬಿಟ್ಟಿಗೆಯ ಏರಿನಲ್ಲಿ ಓಡಿಸಿದರೆ ಇನ್ನೂ ಹೆಚ್ಚು. ಹೊಸ ಗಿಯರ್ ಹಾಕಿದ ದಿನ ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ ಮೋಟರು, ಇಎಸ್‌ಸಿ ಮುಟ್ಟಿ ನೋಡುವುದು. ಬೆರಳು ಇಡಲಾಗದಿದ್ದರೆ ಚಿಕ್ಕ ಗಿಯರಿಗೆ ಮರಳುವುದು. ಫ್ಯಾನ್ ಹಾಕಿ ಮುಂದುವರಿಸುವುದು ನನ್ನ ದೃಷ್ಟಿಯಲ್ಲಿ ದಪ್ಪ ಫ್ಯೂಸು ತಂತಿಯ ತಮ್ಮ.

ಇನ್ನು ನಮ್ಮ ಮಳೆ. ಡಬ್ಬಿಯ ಮೇಲೆ ವಾಟರ್‌ಪ್ರೂಫ್ ಎಂದು ಬರೆದಿದ್ದರೂ ಅದನ್ನು ಬರೆದವರಿಗೆ ಆಗುಂಬೆ ಪಕ್ಕದ ಜುಲೈ ಗೊತ್ತಿರಲಿಕ್ಕಿಲ್ಲ. ಒಳಗಿನ ಸರ್ಕ್ಯೂಟಿಗೆ ನೀರು ಹೋಗದಿರಬಹುದು. ಕನೆಕ್ಟರಿಗೆ, ಫ್ಯಾನಿಗೆ, ಸೆನ್ಸರ್ ಕಿಂಡಿಗೆ, ರಿಸೀವರಿಗೆ ಹೋಗುತ್ತದೆ. ಹೆಚ್ಚಿನವರು ಜೂನ್‌ನಲ್ಲಿ ಕಾರನ್ನು ಕಟ್ಟಿಡುತ್ತಾರೆ. ಸರಿಯೇ. ಬ್ಯಾಟರಿಯನ್ನು ಮಾತ್ರ ಪೂರ್ತಿ ತುಂಬಿಯೂ ಇಡಬಾರದು, ಖಾಲಿ ಮಾಡಿಯೂ ಇಡಬಾರದು. ಒಳ್ಳೆಯ ಚಾರ್ಜರಿನಲ್ಲಿ ಸ್ಟೋರೇಜ್ ಎಂಬ ಆಯ್ಕೆ ಇರುತ್ತದೆ, ಸೆಲ್ಲಿಗೆ ಸುಮಾರು 3.8 ವೋಲ್ಟಿಗೆ ತಂದು ನಿಲ್ಲಿಸುತ್ತದೆ. ಹಾಗೆ ಇಟ್ಟದ್ದು ಗಣಪತಿ ಹಬ್ಬ ಕಳೆದ ಮೇಲೂ ಆರೋಗ್ಯವಾಗಿರುತ್ತದೆ. ಇಡುವ ಜಾಗ ಮರದ ಅಟ್ಟವಲ್ಲ, ಅಡಿಕೆ ಚೀಲದ ಪಕ್ಕವೂ ಅಲ್ಲ. ಗಾರೆ ನೆಲದ ಮೇಲೆ ಮಣ್ಣಿನ ಮಡಕೆ ನಡೆಯುತ್ತದೆ. ಚಾರ್ಜ್ ಮಾಡುವುದೂ ಅಂಥ ಜಾಗದಲ್ಲಿ, ಎದುರು ಯಾರಾದರೂ ಕೂತಿರುವಾಗ ಮಾತ್ರ. ಆರು ತಿಂಗಳ ಥಂಡಿಗೆ ಕನೆಕ್ಟರಿಗೆ ಕಿಲುಬು ಹತ್ತಿದೆಯೇ ಎಂದು ಮುಂದಿನ ಬೇಸಿಗೆಗೆ ಮೊದಲು ನೋಡಿಕೊಳ್ಳಬೇಕು.

ಉಬ್ಬಿದ ಬ್ಯಾಟರಿಯದು ಕೊನೆಯ ತಾಪತ್ರಯ. ನಮ್ಮ ಮನೆಗಳಲ್ಲಿ ಬೇಡವಾದದ್ದೆಲ್ಲ ಬಚ್ಚಲ ಒಲೆಗೆ ಹೋಗುವ ರೂಢಿ: ಅಡಿಕೆ ಸಿಪ್ಪೆ, ಸೋಗೆ, ರಟ್ಟಿನ ಪೆಟ್ಟಿಗೆ, ಕೊರಿಯರ್ ಬಂದ ಪ್ಲಾಸ್ಟಿಕ್ಕು. ಲಿಪೋ ಅಲ್ಲಿಗೆ ಹೋಗಬಾರದು, ಗೊಬ್ಬರಗುಂಡಿಗೂ ಹೋಗಬಾರದು, ಗಾಳಿ ಹೊರಡಲಿ ಎಂದು ಅದಕ್ಕೆ ಸೂಜಿ ಚುಚ್ಚಲೂ ಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ಪಡೆಯುವ ಹೊಣೆ ತಯಾರಕರದು, ಆಮದು ಮಾಡುವವರದು. ಕೊಪ್ಪದಿಂದ ಅದನ್ನು ಅವರಿಗೆ ಮುಟ್ಟಿಸುವುದು ಹೇಗೆ ಎನ್ನುವುದು ಬೇರೆ ಮಾತು. ಅಲ್ಲಿಯವರೆಗೆ ಮರಳು ತುಂಬಿದ ಡಬ್ಬದಲ್ಲಿ, ಮನೆಯಿಂದ ದೂರ, ಮಳೆ ಬೀಳದ ಕಡೆ ಇಟ್ಟು, ಬೆಂಗಳೂರಿಗೆ ಕಾರಿನಲ್ಲಿ ಹೋಗುವ ನಂಟರು ಸಿಕ್ಕಾಗ ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿಸುವುದು. ನಂಟರಿಗೆ ಏನು ಕೊಟ್ಟಿದ್ದೀರಿ ಎಂದು ಮೊದಲೇ ಹೇಳಿ.