ಪೈರು ಒಣಗಿದ್ದು ಯಾರಿಂದ?

ನಮ್ಮ ಬೆಳ್ಳೂರಿನ ಹುಡುಗಿಯೊಬ್ಬಳು ರಾಗಿಯ ಮೇಲೆ ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ತಿದ್ದಿಕೊಡಿ ಎಂದು ತಂದಳು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವನು ನಾನು. ‘ದಿ’ ಬಿಟ್ಟುಹೋದ ಕಡೆಯೆಲ್ಲ ಸೇರಿಸುತ್ತಾ ಹೋದವನು ‘ಐ ಆಮ್ ಹ್ಯಾವಿಂಗ್ ಡೌಟ್’ ಎಂಬಲ್ಲಿ ನಿಂತೆ. ತಪ್ಪು, ನಿಜ. ಆದರೆ ಅನುಮಾನವನ್ನು ನಾವು ಇಟ್ಟುಕೊಳ್ಳುವುದಿಲ್ಲ, ಅದು ನಮಗೆ ಬರುತ್ತದೆ. ನನಗೆ ಹಸಿವಾಯಿತು, ನನಗೆ ನೆನಪಾಯಿತು, ನನಗೆ ಗೊತ್ತಾಯಿತು. ಎಲ್ಲಕ್ಕೂ ಚತುರ್ಥಿ ವಿಭಕ್ತಿ. ಅಹಂಕಾರದಿಂದ ಮಂಕಾದವನು ‘ನಾನೇ ಮಾಡಿದೆ’ ಎಂದುಕೊಳ್ಳುತ್ತಾನೆ ಎಂದು ಗೀತೆಯ 3ನೇ ಅಧ್ಯಾಯ ಹೇಳುತ್ತದೆ. ಅಕ್ಷರ ಕಲಿಯದ ನನ್ನ ಅಜ್ಜಿಯ ಮಾತಿನಲ್ಲೂ ಆ ವಿನಯ ಇತ್ತು.

ಇಂಗ್ಲಿಷ್ ವಿದ್ವಾಂಸರೂ ‘ನಾನು’ ಬಿಡುತ್ತಾರೆ, ಕರ್ಮಣಿ ಪ್ರಯೋಗದಿಂದ. 1999ರ ಲಾಂಗ್‌ಮನ್ ವ್ಯಾಕರಣದ ಲೆಕ್ಕದಲ್ಲಿ, ಮಾತುಕತೆಯಲ್ಲಿ ಶೇಕಡ 2ರಷ್ಟಿರುವ ಕರ್ಮಣಿ ಕ್ರಿಯಾಪದ ವಿದ್ವತ್ ಬರಹದಲ್ಲಿ ಶೇಕಡ 25ರಷ್ಟಿದೆ. ‘ಇಟ್ ವಾಸ್ ಅಬ್ಸರ್ವ್‌ಡ್’ ಎಂದರೆ ಕಂಡವನೇ ಕಾಣೆ. ‘ನನಗೆ ಕಂಡಿತು’ ಎಂದಾಗ ಕಂಡವನು ಅಲ್ಲೇ ಇದ್ದಾನೆ, ಜಂಬ ಮಾತ್ರ ಇಲ್ಲ. ಈಗ ನಮ್ಮವರೂ ‘ಗಮನಿಸಲ್ಪಟ್ಟಿದೆ’ ಎಂದು ಬರೆಯುತ್ತಾರೆ. ಬಿಎಂಶ್ರೀ ಹೆಸರಿನ ‘ಬಿ’ ನಮ್ಮ ಬೆಳ್ಳೂರೇ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದೂ 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ತಲೆಯೆತ್ತುವ ಬಗೆಯನ್ನು ಹೇಳಿದವರು, ಇಂಗ್ಲಿಷ್ ಗೀತಗಳನ್ನು ಕನ್ನಡದ ನಡೆಗೆ ಒಗ್ಗಿಸಿದವರು. ಅವರ ಊರಿನಲ್ಲಿ ಕೂತು ಇಂಥ ಕನ್ನಡ ಓದುವಾಗ ನನಗೆ ಸಂಕಟವಾಗುತ್ತದೆ.

ಆದರೆ ಮುಂದಿನ ಪುಟ ನನ್ನನ್ನೇ ತಡೆಯಿತು. ಅವಳು ಬೆಳೆಸಿದ್ದ ರಾಗಿಯಲ್ಲಿ ಮೂರು ಕುಂಡದ ಪೈರು ‘ಗಾಟ್ ಡ್ರೈಡ್’ ಎಂದಿತ್ತು. ಒಣಗಿಹೋಯಿತು ಎಂಬ ನಮ್ಮ ಮಾತೇ ಇಂಗ್ಲಿಷಿನಲ್ಲಿ ಕೂತಿತ್ತು.

“ನೀರು ಯಾರಮ್ಮ ಬಿಡಬೇಕಿತ್ತು?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಾನೇ ಸಾ. ಊರಬ್ಬಕ್ಕೆ ಬಂದಿದ್ದೆ, ಮರ್ತೋಯ್ತು.”

ಮರೆತೆ ಅಲ್ಲ, ಮರ್ತೋಯ್ತು. ಲೋಟ ಒಡೆದುಹೋಯಿತು, ಸಾಲ ಆಗಿಹೋಯಿತು, ಮಾತು ಬಂದುಬಿಟ್ಟಿತು: ನಾನು ಹೊಗಳಿದ ವಿನಯದ ಪಕ್ಕದಲ್ಲೇ ಈ ತಪ್ಪಿಸಿಕೊಳ್ಳುವ ಓಣಿಯೂ ಇದೆ. ತಿಳಿವು ತಾನಾಗಿ ಬಂದಿತು ಎನ್ನುವವನು ತಪ್ಪೂ ತಾನಾಗಿ ಆಯಿತು ಎಂದರೆ ಅದು ಭಕ್ತಿಯಲ್ಲ, ಕಳ್ಳತನ. ಕರ್ತೃತ್ವ ಬಿಡು ಎಂದ ಯಾವ ಗುರುವೂ ಹೊಣೆ ಬಿಡು ಎಂದಿಲ್ಲ ಎಂದೇ ನಾನು ನಂಬಿದ್ದೇನೆ.

ಅವಳಿಗೂ ಅದನ್ನೇ ಹೇಳಿದೆ. ಪೆನ್ಸಿಲ್ ಅವಳ ಕೈಗೆ ಕೊಟ್ಟೆ. ಆ ಸಾಲು ಹೊಡೆದು, ಮೂರು ಕುಂಡಕ್ಕೆ ನೀರು ಹಾಕುವುದನ್ನು ನಾನು ಮರೆತೆ ಎಂದು ಇಂಗ್ಲಿಷಿನಲ್ಲಿ ಬರೆದಳು. ವ್ಯಾಕರಣದಲ್ಲಿ ತಿದ್ದುವುದು ಏನೂ ಇರಲಿಲ್ಲ.