ಶಿಖರವೂ ಅವರೋಹಣವೂ

ಡಾರ್ಜಿಲಿಂಗಿಗೆ ಹೋಗುವ ಪುಟ್ಟ ಧೂಮಶಕಟವು, ಎರಡೇ ಅಡಿ ಅಗಲದ ಹಳಿಗಳ ಮೇಲೆ, ನೇರವಾಗಿ ಏರಲಾಗದ ಕಡಿದಾದ ಎಡೆಗಳಲ್ಲಿ ಹಿಮ್ಮುಖವಾಗಿ ಚಲಿಸಿ ಎತ್ತರವನ್ನು ಗಳಿಸುತ್ತ, ಮಂಜು ಮುಸುಕಿದ ಘೂಮ್ ನಿಲ್ದಾಣವನ್ನು ಸೇರುವ ಹೊತ್ತಿಗೆ ಸಮುದ್ರಮಟ್ಟದಿಂದ 7,407 ಅಡಿ ಮೇಲಕ್ಕೆ ಬಂದಿರುತ್ತದೆ. ಭಾರತದ ರೈಲು ನಿಲ್ದಾಣಗಳಲ್ಲಿ ಇದಕ್ಕಿಂತ ಎತ್ತರದ್ದು ಬೇರೊಂದಿಲ್ಲ. ಆದರೆ 1881ರಲ್ಲಿ ಪೂರ್ಣಗೊಂಡ ಈ ಮಾರ್ಗದ ಗಮ್ಯವು ಘೂಮ್ ಅಲ್ಲ. ಅಲ್ಲಿಂದ ಸುಮಾರು 600 ಅಡಿ ಕೆಳಗಿರುವ ಡಾರ್ಜಿಲಿಂಗ್. ಅತ್ಯುನ್ನತವಾದುದೇ ಅಂತಿಮವೆಂದು ಭಾವಿಸುವ ನಮ್ಮ ಧರ್ಮಬುದ್ಧಿಗೆ ಇದು ತುಸು ಇರಿಸುಮುರಿಸಿನ ಸಂಗತಿಯೇ ಸರಿ.

ಮೇಲಿನಿಂದ ಇಳಿಯುವುದೆಂದರೆ ಪತನವೆಂದೇ ಅರ್ಥವೇ? ಸ್ವರ್ಗವನ್ನು ಸೇರಿದವರು ಪುಣ್ಯವು ಕ್ಷೀಣಿಸಲಾಗಿ ಮರ್ತ್ಯಕ್ಕೆ ಮರಳುವರೆಂದು ಗೀತೆಯ ಒಂಬತ್ತನೆಯ ಅಧ್ಯಾಯವು ಎಚ್ಚರಿಸುತ್ತದೆ. ಅದೇ ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿಯಾದರೋ, ಕರ್ಮಬಂಧನವಿಲ್ಲದ ಭಗವಂತನು ಸ್ವೇಚ್ಛೆಯಿಂದ, ಧರ್ಮಕ್ಕೆ ಗ್ಲಾನಿಯೊದಗಿದಾಗಲೆಲ್ಲ, ಈ ಲೋಕದಲ್ಲಿ ಜನ್ಮವೆತ್ತುತ್ತಾನೆ. ಒಬ್ಬನನ್ನು ಪುಣ್ಯಕ್ಷಯವು ಕೆಳಕ್ಕೆ ತಳ್ಳಿತು, ಇನ್ನೊಬ್ಬನನ್ನು ಕಾರುಣ್ಯವು ಕರೆತಂದಿತು. ನೋಡುವವರ ಕಣ್ಣಿಗೆ ಮಾತ್ರ ಇಬ್ಬರೂ ಇಳಿದವರೇ.

ಘೂಮಿನಲ್ಲಿ 1850ರಲ್ಲಿ ಸ್ಥಾಪಿತವಾದ ಬೌದ್ಧವಿಹಾರವೊಂದಿದೆ. ಅಲ್ಲಿ ಪೂಜೆಗೊಳ್ಳುವ 15 ಅಡಿ ಎತ್ತರದ ಮೂರ್ತಿಯು ಗತಿಸಿದ ಬುದ್ಧನದಲ್ಲ, ಬರಲಿರುವ ಮೈತ್ರೇಯನದು. ತುಷಿತಲೋಕದಲ್ಲಿದ್ದುಕೊಂಡು ಕಾಲವನ್ನು ನಿರೀಕ್ಷಿಸುತ್ತಿರುವ ಈ ಬೋಧಿಸತ್ತ್ವನನ್ನು ಪೀಠದಿಂದ ಕಾಲಿಳಿಬಿಟ್ಟು ಕುಳಿತವನಂತೆ ರೂಪಿಸುವ ಸಂಪ್ರದಾಯವು ಬೌದ್ಧಶಿಲ್ಪದಲ್ಲುಂಟು. ಪದ್ಮಾಸನದ ನಿಶ್ಚಲತೆಗಿಂತ ಏಳಲನುವಾದವನ ಈ ಭಂಗಿಯೇ ನನಗೆ ಹೆಚ್ಚು ಅರ್ಥವತ್ತಾಗಿ ತೋರುತ್ತದೆ.

ಇಂಥ ಅವರೋಹಣಕ್ಕೆ ಬೋಧಿಸತ್ತ್ವನೇ ಆಗಬೇಕೆಂಬ ನಿಯಮವೇನೂ ಇಲ್ಲ. ರಹಸ್ಯವನ್ನು ಬಹಿರಂಗಪಡಿಸಿದವನಿಗೆ ನರಕವೇ ಗತಿಯೆಂದು ಗುರುವು ವಿಧಿಸಿದ್ದರೂ, ಮುಂದೆ ಮೇಲುಕೋಟೆಯಲ್ಲಿ ನೆಲೆಸಿದ ರಾಮಾನುಜರು ತಿರುಕ್ಕೋಷ್ಟಿಯೂರಿನ ಗೋಪುರವನ್ನೇರಿ ಮಂತ್ರಾರ್ಥವನ್ನು ಎಲ್ಲರಿಗೂ ಸಾರಿದರೆಂದೂ, ಇಷ್ಟು ಜನ ಉದ್ಧಾರವಾಗುವುದಾದರೆ ತಾವೊಬ್ಬರು ನರಕಕ್ಕಿಳಿಯಲು ಸಿದ್ಧರೆಂದು ನುಡಿದರೆಂದೂ ಶ್ರೀವೈಷ್ಣವರು ಹೇಳುತ್ತ ಬಂದಿದ್ದಾರೆ. ಕಥೆಯ ಐತಿಹಾಸಿಕತೆಯನ್ನು ಪಂಡಿತರು ವಿಚಾರಿಸಿಕೊಳ್ಳಲಿ. ಆಜ್ಞೆಯನ್ನು ಮೀರಿದ ಶಿಷ್ಯನ ಮೇಲೆ ಕುಪಿತನಾದ ಆ ಗುರುವೇ, ಈ ಉತ್ತರವನ್ನು ಕೇಳಿದ ಬಳಿಕ, ಅವರನ್ನು ಎಂಬೆರುಮಾನಾರ್, ಎಂದರೆ ನಮ್ಮ ಸ್ವಾಮಿ, ಎಂದು ಕರೆದು ಆಲಿಂಗಿಸಿಕೊಂಡನಂತೆ.