ಬೀಜದ ಎಣ್ಣೆ ಮತ್ತು ಪರಿಗ್ರಹದ ಮಿತಿ

ಕೂಡಿಡುವುದೆಲ್ಲವೂ ಪರಿಗ್ರಹವೇ? ವ್ಯಾಪಾರನಿರತ ಶ್ರಾವಕರನ್ನು ಸದಾ ಕಾಡುವ ಪ್ರಶ್ನೆಯಿದು. ದಾಸ್ತಾನಿಲ್ಲದೆ ಅಂಗಡಿ ನಡೆಯದು. ನಿಧಿಯಿಲ್ಲದೆ ಬಸದಿಯ ನಿತ್ಯಪೂಜೆ ಸಾಗದು. ಈ ಜಿಜ್ಞಾಸೆಗೆ ಹರಳುಬೀಜವೊಂದು ದೃಷ್ಟಾಂತವಾಗಬಲ್ಲದು.

ಹರಳುಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ. ಎಳೆಯ ಸಸಿಯನ್ನು ಆವರಿಸಿರುವ ಬಿಳಿಯ ತಿರುಳಿನಲ್ಲಿ ಅದು ಸೂಕ್ಷ್ಮ ಬಿಂದುಗಳಾಗಿ ನೆಲೆಸಿರುತ್ತದೆ. ಬೀಜವು ನೀರು ಹೀರಿ ಮೊಳೆಯತೊಡಗಿದಾಗ ಲೈಪೇಸ್ ಎಂಬ ಕಿಣ್ವವು ಎಣ್ಣೆಯನ್ನು ಮೇದಾಮ್ಲ ಮತ್ತು ಗ್ಲಿಸರಾಲ್‌ಗಳಾಗಿ ಒಡೆಯುತ್ತದೆ. ಅವು ಮುಂದೆ ಸಕ್ಕರೆಯಾಗಿ ಮಾರ್ಪಟ್ಟು ಬೆಳೆಯುವ ಸಸಿಯನ್ನು ಪೋಷಿಸುತ್ತವೆ. ಈ ಪರಿವರ್ತನೆಯ ಮುಖ್ಯ ಘಟ್ಟಗಳು ಜರುಗುವ ಕಣಗಳನ್ನು 1967ರಲ್ಲಿ ಬ್ರೈಡೆನ್‌ಬಾಕ್ ಮತ್ತು ಬೀವರ್ಸ್ ಎಂಬ ವಿಜ್ಞಾನಿಗಳು ಹರಳುಬೀಜದಲ್ಲಿಯೇ ಗುರುತಿಸಿದರು. ಅವುಗಳಿಗೆ ಗ್ಲೈಆಕ್ಸಿಸೋಮ್ ಎಂದು ಹೆಸರು. ಎಲೆಗಳು ಬಿಸಿಲಿನಲ್ಲಿ ತಮ್ಮ ಆಹಾರವನ್ನು ತಾವೇ ಸಿದ್ಧಪಡಿಸಿಕೊಳ್ಳುವ ವೇಳೆಗೆ ತಿರುಳು ಬರಿದಾಗಿ ಕುಗ್ಗಿರುತ್ತದೆ.

ಇಲ್ಲಿ ಸಂಗ್ರಹಕ್ಕೆ ಮಿತಿಯಿದೆ, ಉದ್ದೇಶವಿದೆ, ವ್ಯಯಕ್ಕೆ ಕಾಲವಿದೆ. ಆ ಕಾಲ ಮೀರಿ ಉಳಿದ ಬೀಜದಲ್ಲಿ ಎಣ್ಣೆ ಕಮಟುತ್ತದೆ, ಮೊಳೆಯುವ ಶಕ್ತಿಯೂ ಕುಂದುತ್ತದೆ.

ಹಾಗೆಂದು ಬೀಜವನ್ನು ಅಪರಿಗ್ರಹಿಯೆಂದು ಹೊಗಳುವುದು ಶಾಸ್ತ್ರಸಮ್ಮತವಲ್ಲ. ಏಕೇಂದ್ರಿಯ ಜೀವಗಳಿಗೂ ಪರಿಗ್ರಹ ಸಂಜ್ಞೆಯುಂಟು. ಅವು ವ್ರತ ಸ್ವೀಕರಿಸಲಾರವು. ವಿವೇಕವುಳ್ಳ ಮನುಷ್ಯನು ಸ್ವೀಕರಿಸಬಲ್ಲನು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಿಂದಲ್ಲ, ಮೂರ್ಛೆಯಿಂದ, ಅಂದರೆ ಮಮತ್ವದಿಂದ ಲಕ್ಷಣೀಕರಿಸಿದ್ದಾರೆ. ಆದುದರಿಂದ ಎಷ್ಟು ಕೂಡಿಟ್ಟೆವೆಂಬುದರ ಜೊತೆಗೆ, ವ್ಯಯದ ಕಾಲ ಬಂದಾಗ ಕೈ ತೆರೆಯಿತೇ ಎಂಬುದನ್ನೂ ನೋಡಬೇಕು.

ನನ್ನ ಕೈ ಒಮ್ಮೆ ತೆರೆಯಲಿಲ್ಲ. ನಾನು ಸದಸ್ಯನಾಗಿದ್ದ ಟ್ರಸ್ಟೊಂದರಲ್ಲಿ ವಿದ್ಯಾದಾನಕ್ಕೆಂದೇ ಇರಿಸಿದ ಠೇವಣಿಯಿತ್ತು. ಬಡ ವಿದ್ಯಾರ್ಥಿಯೊಬ್ಬನು ಕಾಲೇಜಿನ ಶುಲ್ಕಕ್ಕಾಗಿ ಅರ್ಜಿ ಸಲ್ಲಿಸಿದಾಗ, ಆ ವರ್ಷದ ಬಡ್ಡಿ ಮುಗಿದಿದೆ, ನಿಯಮವು ಅವಕಾಶ ನೀಡಿದರೂ ಅಸಲನ್ನು ಮುಟ್ಟಬಾರದು ಎಂದು ವಾದಿಸಿದವನು ನಾನೇ. ಸಭೆ ಒಪ್ಪಿತು. ಹುಡುಗನು ಓದು ಬಿಟ್ಟನು. ಲೆಕ್ಕಪತ್ರದಲ್ಲಿ ಒಂದು ಪೈಸೆಯ ವ್ಯತ್ಯಾಸವಿರಲಿಲ್ಲ. ಧರ್ಮದ ಲೆಕ್ಕದಲ್ಲಿ ಮಾತ್ರ, ಮೊಳಕೆ ಬಾಡುತ್ತಿರುವಾಗ ನಾನು ಎಣ್ಣೆಯನ್ನು ಕಾಯ್ದಿದ್ದೆ. ಸ್ವಂತದ್ದಲ್ಲದ ಧನದಲ್ಲಿಯೂ ಮೂರ್ಛೆ ಬೆಳೆಯಬಲ್ಲದೆಂದು ಅಂದು ತಿಳಿಯಿತು.

ಅಸಲನ್ನು ಬೇಕಾಬಿಟ್ಟಿ ಕರಗಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಮೊಳೆಯುವ ಮುನ್ನವೇ ಎಣ್ಣೆ ತೀರಿದರೆ ಸಸಿಯಿಲ್ಲ. ಆದರೆ ಪರಿಗ್ರಹಪರಿಮಾಣ ವ್ರತ ಕೈಗೊಳ್ಳುವವರು ಮಿತಿಯೊಡನೆ ಉದ್ದೇಶವನ್ನೂ ವ್ಯಯದ ಕಾಲವನ್ನೂ ಬರೆದಿಡುವುದು ಉಚಿತ. ನಮ್ಮ ಟ್ರಸ್ಟುಗಳೂ ವಾರ್ಷಿಕ ಸಭೆಯಲ್ಲಿ ಉಳಿದ ಹಣವನ್ನು ಓದಿ ಹೇಳುವಾಗ, ನೆರವು ದೊರೆಯದೆ ಹಿಂದಿರುಗಿದ ಅರ್ಜಿಗಳನ್ನೂ ಓದಿ ಹೇಳಲಿ.